ಫರ್ನೇಸಿನ ಕಪಾಟಿನಲ್ಲಿ ಮಡಿ ಸೀರೆ

ಚಿನ್ನೀ, ಗುಂಡೂ,

ಹೋದ ತಿಂಗಳು ನಿಮ್ಮ ಮನೆಗೆ ಊಟಕ್ಕೆ ಬಂದಿದ್ದವರ ಮುಂದೆ ನಿಮ್ಮಮ್ಮ ಮತ್ತೆ ಆ ಕಥೆ ಹೇಳಿದಳು. "ನಮ್ಮಜ್ಜಿ ಇದ್ರಲ್ಲ, ಮಡಿ ಸೀರೆ ಒಣಗಿಸ್ತೀನಿ ಅಂತ ಹೋಗಿ ಫರ್ನೇಸನ್ನೇ ಬ್ಲಾಕ್ ಮಾಡಿಬಿಟ್ರು. ಹೋಲ್ ಫ್ಯಾಮಿಲಿ ಆಸ್ಪತ್ರೆಗೆ!" ಎಂದಳು. ಬಂದವರೆಲ್ಲ ನಕ್ಕರು. ನೀವಿಬ್ಬರೂ ನಕ್ಕಿರಿ. ನಾನು ಸಾರಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ನಿಮ್ಮಮ್ಮನ ತಪ್ಪಲ್ಲ. ಆಗ ಅವಳಿಗೆ ನಾಲ್ಕು ವರ್ಷ. ನಿಮ್ಮ ಅಜ್ಜ ಹೇಳಿದ್ದನ್ನು ಕೇಳಿಕೊಂಡು ಬೆಳೆದಳು, ಅದನ್ನೇ ಹೇಳುತ್ತಾಳೆ. ಅಜ್ಜನಿಗೆ ಗೊತ್ತಿದ್ದುದೂ ಅಷ್ಟೇ. ಆ ಕಥೆಯಲ್ಲಿ ನಾನು ಎಲ್ಲೂ ಬರುವುದಿಲ್ಲ. ಬರಬೇಕಾಗಿತ್ತು. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದು ನಿಮಗೆ ಗೊತ್ತು. ಏಳನೆಯ ಇಯತ್ತೆಯವರೆಗೆ ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದರಿಂದ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುವಿನ ವರ್ಷಗಳು. ನಾವು ಮಾರ್ಗನ್ ಹಿಲ್‌ನಲ್ಲಿ ಒಂದು ಹಳೆಯ ಬಾಡಿಗೆ ಮನೆಯಲ್ಲಿದ್ದೆವು. ನಿಮ್ಮ ಅಜ್ಜ ಸ್ಯಾನ್ ಹೋಸೆಯಲ್ಲಿ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಕತ್ತಲಿರುವಾಗಲೇ ಕಾರು ಹತ್ತಿದರೆ ಕತ್ತಲಾದ ಮೇಲೆ ಬರುತ್ತಿದ್ದರು. ಮನೆಯ ಹಿಂದೆ ಹಣ್ಣಿನ ತೋಟ, ಆಚೆ ಗುಡ್ಡ. ಕ್ಯಾಲಿಫೋರ್ನಿಯಾದಲ್ಲಿ ಚಳಿ ಇಲ್ಲ ಎನ್ನುವವರು ಆ ಕಣಿವೆಯಲ್ಲಿ ಜನವರಿಯ ಬೆಳಗು ನೋಡಿಲ್ಲ. ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ಬೆಳ್ಳಗೆ ಕೂತಿರುತ್ತಿತ್ತು. ಗೋಡೆಗಳು ತೆಳು, ಕಿಟಕಿಗಳಿಗೆ ಒಂದೇ ಗಾಜು. ನೆಲದ ಚಳಿ ಕಾಲಚೀಲದೊಳಗೂ ಬರುತ್ತಿತ್ತು.

ನಡುಮನೆಗೂ ಮಲಗುವ ಕೋಣೆಗಳಿಗೂ ನಡುವಿನ ಓಣಿಯಲ್ಲಿ ಒಂದು ಎತ್ತರದ ಕಪಾಟಿತ್ತು. ಅದರೊಳಗೆ ಫರ್ನೇಸು. ಕಪಾಟಿನ ಬಾಗಿಲು ಪೂರ್ತಿ ಹಲಗೆಯದಲ್ಲ. ಮೇಲಿನಿಂದ ಕೆಳಗಿನವರೆಗೆ ಓರೆಯಾಗಿ ಕೂಡಿಸಿದ ಪಟ್ಟಿಗಳು, ಅವುಗಳ ನಡುವೆ ಸಂದು. ಒಳಗೆ ಕೆಳಗಡೆ ಗ್ಯಾಸಿನ ಸಣ್ಣ ಉರಿ ಯಾವಾಗಲೂ ಉರಿಯುತ್ತಿತ್ತು, ಅದಕ್ಕೆ ಪೈಲಟ್ ಎನ್ನುತ್ತಿದ್ದರು. ಮನೆ ತಣ್ಣಗಾದರೆ ಆ ಸಣ್ಣ ಉರಿಯಿಂದ ದೊಡ್ಡ ಉರಿ ಹತ್ತಿಕೊಂಡು, ಫ್ಯಾನು ತಿರುಗಿ, ಕೋಣೆಗಳ ನೆಲದ ಜಾಲರಿಗಳಿಂದ ಬಿಸಿ ಗಾಳಿ ಬರುತ್ತಿತ್ತು.

ಪೈಲಟ್ ಆಗಾಗ ಆರಿಹೋಗುತ್ತಿತ್ತು. ಅದನ್ನು ಹಚ್ಚುವುದನ್ನು ನಿಮ್ಮ ಅಜ್ಜ ನನಗೆ ಕಲಿಸಿದ್ದರು. ಗುಂಡಿಯನ್ನು ತಿರುಗಿಸಿ, ಒತ್ತಿ ಹಿಡಿದು, ಉದ್ದನೆಯ ಕಡ್ಡಿ ಗೀರಿ ಒಳಗೆ ಹಿಡಿಯಬೇಕು. ಉರಿ ಹತ್ತಿದ ಮೇಲೂ ಒಂದು ನಿಮಿಷ ಗುಂಡಿ ಬಿಡಬಾರದು. ಬಿಟ್ಟರೆ ಆರಿಹೋಗುತ್ತದೆ. ನಾನು ನೆಲಕ್ಕೆ ಮಂಡಿಯೂರಿ ಎರಡರ ಮಗ್ಗಿಯಿಂದ ಐದರ ಮಗ್ಗಿಯವರೆಗೆ ಹೇಳಿ ಮುಗಿಸಿ ಗುಂಡಿ ಬಿಡುತ್ತಿದ್ದೆ. ಉರಿ ನೀಲಿಯಾಗಿದ್ದರೆ ಒಳ್ಳೆಯದು, ಹಳದಿಯಾಗಿ ತೂಗಾಡಿದರೆ ಕೆಟ್ಟದ್ದು ಎಂದೂ ಅವರೇ ಹೇಳಿದ್ದರು. ಆ ದೇಶದಲ್ಲಿ ನಾನು ಯಾರನ್ನೂ ಕೇಳದೆ ಮಾಡಬಲ್ಲ ಕೆಲಸ ಅದೊಂದೇ ಇತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಅತ್ತೆ ಧಾರವಾಡದಿಂದ ಬಂದರು. ಅವರೇ ನೀವು ನಗುವ ಮಡಿ ಅಜ್ಜಿ. ಗಂಡ ಹೋಗಿ ಇಪ್ಪತ್ತು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಿಂದಿನ ದಿನ ಒಗೆದು ಯಾರೂ ಮುಟ್ಟದಂತೆ ಎತ್ತರದಲ್ಲಿ ಒಣಗಿಸಿದ ಒಂಬತ್ತು ವಾರಿ ಸೀರೆ ಉಟ್ಟು, ಪೂಜೆ ಮಾಡಿ, ತಮ್ಮ ಅಡುಗೆ ತಾವೇ ಮಾಡಿಕೊಂಡು ಉಣ್ಣುತ್ತಿದ್ದರು. ಅಷ್ಟು ಹೊತ್ತು ಅವರನ್ನು ಯಾರೂ ಮುಟ್ಟುವಂತಿರಲಿಲ್ಲ. ಮೊಮ್ಮಗಳೂ ಕೂಡ. ಊಟ ಮುಗಿದ ಮೇಲೆ ಮೊಮ್ಮಗಳನ್ನು ತೊಡೆಯಿಂದ ಇಳಿಸುತ್ತಿರಲಿಲ್ಲ.

ನಿಮ್ಮ ಅಜ್ಜ ಚೇಷ್ಟೆ ಮಾಡುತ್ತಿದ್ದರು. "ಅವ್ವಾ, ಆ ಸೀರಿ ವಿಮಾನದಾಗ ಬಂದದ. ಎಷ್ಟ ಮಂದಿ ಮುಟ್ಯಾರೋ ಏನೋ."

"ಸೀರಿ ಬಂದ ದಿನಾನ ತೊಳದೇನಿ. ನಿನ್ನ ನಾಲಿಗಿ ತೊಳಿಯೂದು ಬಾಕಿ ಅದ," ಎನ್ನುತ್ತಿದ್ದರು ಅತ್ತೆ.

ಡಿಸೆಂಬರಿನಲ್ಲಿ ಮಳೆ ಹಿಡಿಯಿತು. ಸೀರೆ ಒಣಗುವುದು ದೊಡ್ಡ ಕಷ್ಟವಾಯಿತು. ಸ್ನಾನದ ಮನೆಯಲ್ಲಿ ಹಾಕಿದರೆ ಎಲ್ಲರೂ ಓಡಾಡುವ ಜಾಗ. ಗ್ಯಾರೇಜಿನಲ್ಲಿ ಬಟ್ಟೆ ಒಣಗಿಸುವ ಡ್ರೈಯರ್ ಇತ್ತು, ಅದರ ಹೆಸರು ಎತ್ತಿದರೆ ಅತ್ತೆಗೆ ಸಿಟ್ಟು. "ಎಲ್ಲಾರ ಕಾಲಚೀಲ ತಿರಗ್ಯಾಡಿದ ಡಬ್ಬಿ ಅದು. ಅದರಾಗ ಹಾಕಿದ ಸೀರಿ ಉಟ್ಟು ದೇವರ ಮುಂದ ಕೂಡ್ಲೀ?" ಎರಡು ದಿನ ಹಸಿ ಸೀರೆ ಉಟ್ಟೇ ಪೂಜೆಗೆ ಕೂತರು. ನಡುಗುತ್ತಿದ್ದರು. ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು.

ಆಗ ನಾನೇ ಹೇಳಿದೆ. ಇದನ್ನು ಯಾರೂ ಕೇಳಿಲ್ಲ, ಆದ್ದರಿಂದ ಮತ್ತೊಮ್ಮೆ ಬರೆಯುತ್ತೇನೆ. ಹೇಳಿದವಳು ನಾನು, ಅತ್ತೆ ಅಲ್ಲ.

"ಅತ್ಯಾರ, ಈ ಕಪಾಟಿನ್ಯಾಗ ಹಾಕಿದ್ರ ಹ್ಯಾಂಗ್ರಿ? ಬೆಚ್ಚಗ ಅದ. ಯಾರೂ ಬಾಗಲಾ ತಗಿಯೂದಿಲ್ಲ."

ಅವರು ಬಗ್ಗಿ ಒಳಗೆ ನೋಡಿದರು. ನೀಲಿ ಉರಿ ಕಂಡಿತು. "ಅಗ್ನಿ ಇದ್ದಲ್ಲೆ ಮೈಲಿಗಿ ಎಲ್ಲಿಂದ ಬರಬೇಕು? ಶ್ಯಾಣ್ಯಾಕಿ ಇದ್ದಿ ನೋಡು ನೀ," ಎಂದರು.

ಮದುವೆಯಾಗಿ ಆರು ವರ್ಷವಾಗಿತ್ತು. ಅವರ ಬಾಯಿಂದ ನನಗೆ ಒಂದು ಒಳ್ಳೆಯ ಮಾತು ಬಂದದ್ದು ಅದೇ ಮೊದಲು. ಅದೇ ದಿನ ಸ್ನಾನದ ಪರದೆಯ ಒಂದು ಸರಳು ತಂದು ಕಪಾಟಿನೊಳಗೆ, ಬಾಗಿಲಿಗೆ ಹತ್ತಿಕೊಂಡಂತೆ, ಮೇಲ್ಗಡೆ ಸಿಗಿಸಿದೆ. ಉರಿಯಿಂದ ದೂರವಿರಲಿ ಎಂದು ಬಾಗಿಲಿನ ಕಡೆಗೇ ಹಾಕಿದೆ. ಅತ್ತೆ ಕಸಬರಿಗೆಯ ಹಿಡಿಯನ್ನು ತೊಳೆದು ಮಡಿಕೋಲು ಮಾಡಿಕೊಂಡರು. ಅದರ ತುದಿಯಿಂದ ಒದ್ದೆ ಸೀರೆಯನ್ನು ಎತ್ತಿ, ಮಡಿಕೆ ಮಾಡಿ ಸರಳಿನ ಮೇಲೆ ಇಳಿಬಿಟ್ಟರು. ಬಾಗಿಲು ಮುಚ್ಚಿದರೆ ಪಟ್ಟಿಗಳ ಸಂದುಗಳೆಲ್ಲ ಒಳಗಿನಿಂದ ಮುಚ್ಚಿಹೋದವು. ನಿಮ್ಮ ಅಜ್ಜ ಭಾನುವಾರ ಅದನ್ನು ನೋಡಿ, "ಫರ್ನೇಸಿಗೂ ಸೀರಿ ಉಡಿಸಿದ್ರೇನು?" ಎಂದು ನಕ್ಕು ಹೋದರು.

ಆಮೇಲೆ ಒಬ್ಬೊಬ್ಬರಿಗೆ ತಲೆನೋವು ಶುರುವಾಯಿತು. ಅತ್ತೆ ಏಕಾದಶಿಯ ಉಪವಾಸ ಎಂದರು. ನಿಮ್ಮ ಅಜ್ಜ ಓವರ್‌ಟೈಮು ಎಂದರು. ಮಗುವಿಗೆ ನೆಗಡಿ ಎಂದುಕೊಂಡೆ. ನನಗೆ ವಾಕರಿಕೆ ಬಂದಾಗ ಬೇರೆ ಏನೋ ಇರಬಹುದೆಂದು ದಿನ ಎಣಿಸಿದೆ, ಅಂಥದ್ದೇನೂ ಇರಲಿಲ್ಲ. ಕಿಟಕಿಯ ಗಾಜುಗಳಿಂದ ಬೆಳಿಗ್ಗೆ ನೀರು ಇಳಿಯುತ್ತಿತ್ತು. ಕಪಾಟಿನ ಬಾಗಿಲಿನ ಮೇಲಂಚಿಗೆ ಕಪ್ಪು ಮಸಿ ಕಾಣಿಸಿತು, ಒರೆಸಿದೆ. ಮತ್ತೆ ಬಂತು. ಪೈಲಟ್ ದಿನಕ್ಕೊಮ್ಮೆ ಆರತೊಡಗಿತು. ಒಂದು ದಿನ ಮಂಡಿಯೂರಿ ನೋಡಿದರೆ ದೊಡ್ಡ ಉರಿ ಹಳದಿಯಾಗಿತ್ತು. ಅದನ್ನು ನಿಮ್ಮ ಅಜ್ಜನಿಗೆ ಹೇಳಿದೆ. ಅವರು ಮನೆಯ ಮಾಲೀಕನಿಗೆ ಫೋನು ಮಾಡಿದರು. ರಿಪೇರಿಯವನು ಗುರುವಾರ ಬೆಳಿಗ್ಗೆ ಬರುತ್ತಾನೆ ಎಂದಾಯಿತು.

ಗುರುವಾರ ಅವನು ಬರುವ ಮೊದಲು ಅತ್ತೆ ಹೇಳಿದರು: "ತಂಗೀ, ಆ ಮನಷ್ಯಾ ಬರೂದ್ರೊಳಗ ಸೀರಿ ತಗೀ. ಕೋಲಿಂದ ತಗೀ, ಕೈ ಹಚ್ಚಬ್ಯಾಡ. ಅಂವ ಮುಟ್ಟಿದ್ರ ನಾಳೆ ನಾ ಏನ ಉಡ್ಲೀ?"

ನಾನು ಕೋಲಿನಿಂದ ಸೀರೆ ಎತ್ತಿ ಅವರ ಕೋಣೆಯಲ್ಲಿ ಹಾಕಿದೆ. ಕಪಾಟು ಖಾಲಿಯಾಯಿತು.

ಬಂದವನು ವಯಸ್ಸಾದ ಮನುಷ್ಯ. ಬೂಟು ಬಿಚ್ಚಿ ಹೊರಗಿಟ್ಟು ಒಳಗೆ ಬಂದ, ನಾನು ಕೇಳದೆಯೇ. ಮುಂಭಾಗದ ತಗಡು ತೆಗೆದು ಮಸಿಯನ್ನೆಲ್ಲ ಯಂತ್ರದಿಂದ ಎಳೆದು ತೆಗೆದ. ಪೈಲಟಿನ ಪಕ್ಕದ ತಾಮ್ರದ ತಂತಿಯಂಥ ಒಂದು ಭಾಗ ಬದಲಿಸಿದ. ಉರಿ ಹಚ್ಚಿ, ಕಡ್ಡಿಯೊಂದನ್ನು ಗೀರಿ ಆರಿಸಿ, ಅದರ ಹೊಗೆಯನ್ನು ಮೇಲಿನ ಕೊಳವೆಯ ಹತ್ತಿರ ಹಿಡಿದ. ಹೊಗೆ ಮೇಲಕ್ಕೆ ಹೋಯಿತು. ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಗೆಯೇ ನೋಡಿದ. ಆಗಲೂ ಸರಿಯಾಗಿಯೇ ಹೋಯಿತು. ಅವನಿಗೆ ಸಮಾಧಾನವಾಗಲಿಲ್ಲ. ತಲೆ ಕೆರೆದುಕೊಂಡು ಅಲ್ಲೇ ಕೂತ. ಇಷ್ಟು ಮಸಿ ಸುಮ್ಮನೆ ಬರುವುದಿಲ್ಲ, ಏನೋ ಇದರ ಉಸಿರು ಕಟ್ಟಿಸಿದೆ ಎಂದ. ಆಮೇಲೆ ಅವನ ಕಣ್ಣು ಸರಳಿನ ಮೇಲೆ ಬಿತ್ತು. ಅದನ್ನು ಬೆರಳಿನಿಂದ ತಟ್ಟಿ ನನ್ನ ಕಡೆ ತಿರುಗಿದ.

"ಕ್ಲೋತ್ಸ್?" ಎಂದು ಕೇಳಿದ.

"ನೋ, ನೋ," ಎಂದೆ.

ಅವನು ಕೇಳಿದ್ದು ನನಗೆ ಅರ್ಥವಾಗಿತ್ತು. ಇಂಗ್ಲಿಷ್ ಮಾತಾಡಲು ಬರದಿದ್ದರೂ, ಆ ದೇಶಕ್ಕೆ ಬಂದ ಎರಡು ವರ್ಷದಲ್ಲಿ ಕೇಳಿದ್ದು ತಿಳಿಯುತ್ತಿತ್ತು. ಹೌದು ಎಂದರೆ ಬೈಯುತ್ತಾನೆ, ಮಾಲೀಕನಿಗೆ ಹೇಳುತ್ತಾನೆ ಎಂದು ಹೆದರಿದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಪರಗಂಡಸಿನ ಮುಂದೆ ಅವರ ಸೀರೆಯ ಮಾತೆತ್ತಲು ನಾಚಿಕೆಯಾಯಿತು. ಅವನು ಪಟ್ಟಿಗಳ ಮೇಲೆ ಅಂಗೈ ಇಟ್ಟು, ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಹೇಳಿದ. ಬೆಂಕಿಗೆ ಈ ಸಂದುಗಳಿಂದಲೇ ಗಾಳಿ ಬರಬೇಕು. ಇದನ್ನು ಮುಚ್ಚಿದರೆ ಛಾವಣಿಗೆ ಹೋಗಬೇಕಾದ ಹೊಗೆ ಕೆಳಗಿಳಿದು, ಫ್ಯಾನು ಅದನ್ನೇ ಎಲ್ಲ ಕೋಣೆಗೂ ತಳ್ಳುತ್ತದೆ. ಅದರಲ್ಲಿರುವ ವಿಷಕ್ಕೆ ವಾಸನೆ ಇರುವುದಿಲ್ಲ. ತಲೆನೋವು, ನಿದ್ದೆ ಬಂದಂತಾದರೆ ಎಲ್ಲರೂ ಹೊರಗೆ ಹೋಗಬೇಕು. ಅವನು ತಲೆ ಹಿಡಿದುಕೊಂಡು, ಕಣ್ಣು ಮುಚ್ಚಿ, ಬಾಗಿಲ ಕಡೆ ಕೈ ಮಾಡಿ ತೋರಿಸಿದ. "ಯೂ ಅಂಡರ್‌ಸ್ಟ್ಯಾಂಡ್?" ಎಂದ. ನಾನು ತಲೆ ಆಡಿಸಿದೆ.

ಸಂಜೆ ನಿಮ್ಮ ಅಜ್ಜ ಕೇಳಿದರು. "ಏನಂದ?"

"ತೊಳದು ಹೋದ್ನರಿ. ಒಂದು ತಂತಿ ಹಳೇದಾಗಿತ್ತಂತ."

"ಅಷ್ಟನ?"

"ಅಷ್ಟ ರಿ."

ಅಷ್ಟರಲ್ಲಿ ಅತ್ತೆ ಸೀರೆಯನ್ನು ಮತ್ತೆ ಕಪಾಟಿಗೆ ಹಾಕಿಯಾಗಿತ್ತು. ಹಾಕಬೇಡಿ ಎನ್ನಲು ಬಾಯಿ ತೆರೆದೆ. ಕಪಾಟಿನಲ್ಲಿ ಹಾಕಿ ಎಂದು ಹೇಳಿದವಳು ನಾನೇ, ಹೊಗಳಿಸಿಕೊಂಡವಳು ನಾನೇ. ಈಗ ಬೇಡ ಎಂದರೆ ಮತ್ತೆ ಹಸಿ ಸೀರೆ, ಮತ್ತೆ ನಡುಕ, ಮತ್ತೆ ಅತ್ತೆಯ ಬಿಗಿದ ಮುಖ. ಅದಕ್ಕಾಗಿ ಒಂದು ಉಪಾಯ ಮಾಡಿದೆ. ಕಪಾಟಿನ ಬಾಗಿಲನ್ನು ಒಂದು ಗೇಣು ತೆರೆದು, ಕೆಳಗೆ ಮಗುವಿನ ಆಟದ ಮರದ ತುಂಡೊಂದನ್ನು ಒತ್ತಿಟ್ಟೆ. ನಾಲ್ಕೈದು ದಿನ ಎಲ್ಲರ ತಲೆನೋವು ಹೋಯಿತು. ನಾನು ಗೆದ್ದೆ ಎಂದುಕೊಂಡೆ. ಯಾರಿಗೂ ಏನೂ ಹೇಳದೆ ಸರಿಮಾಡಿದೆ ಎಂದುಕೊಂಡೆ.

ಮುಂದಿನ ಮಂಗಳವಾರ ಜೋರು ಮಳೆ. ಚರ್ಚಿನಲ್ಲಿ ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು, ವಾರಕ್ಕೆರಡು ಬೆಳಿಗ್ಗೆ ಹೋಗುತ್ತಿದ್ದೆ. ಒಂಬತ್ತಕ್ಕೆ ಹೊರಟೆ, ಹನ್ನೊಂದೂವರೆಗೆ ನಡೆದು ಬಂದೆ. ಬಾಗಿಲು ತೆಗೆದೊಡನೆ ಬೆಚ್ಚಗಿನ, ಭಾರವಾದ ಗಾಳಿ ಮುಖಕ್ಕೆ ಬಂತು. ಕಿಟಕಿಗಳೆಲ್ಲ ಬೆವರಿದ್ದವು. ಓಣಿಯಲ್ಲಿ ಕಪಾಟಿನ ಬಾಗಿಲು ಗಟ್ಟಿಯಾಗಿ ಮುಚ್ಚಿತ್ತು. ಮರದ ತುಂಡು ಗೋಡೆಯ ಹತ್ತಿರ ಬಿದ್ದಿತ್ತು. ಮಗು ಬಾಗಿಲ ಸಂದಿಯಿಂದ ಕೈ ಹಾಕಿ ಸೀರೆ ಎಳೆದಿದ್ದಳಂತೆ. ಅತ್ತೆ ಆ ಸೀರೆಯನ್ನು ಮತ್ತೆ ಒಗೆದು ಹಾಕಿ, ಅವಳು ಮುಟ್ಟದಿರಲೆಂದು ಬಾಗಿಲು ಮುಚ್ಚಿದ್ದರು. ಇದು ನನಗೆ ಆಮೇಲೆ ತಿಳಿಯಿತು. ಅವರು ಮುಚ್ಚಬಾರದೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ನಿಮ್ಮಮ್ಮ ನೆಲದ ಜಾಲರಿಯ ಪಕ್ಕ ಕಂಬಳಿಯ ಮೇಲೆ ಮಲಗಿದ್ದಳು. ಕೆನ್ನೆ ಕೆಂಪಗೆ. ಎಬ್ಬಿಸಿದರೆ ಕುತ್ತಿಗೆ ಹಿಂದಕ್ಕೆ ಬಿತ್ತು. ಏನಾಗಿದೆ ಎಂದು ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಅವಳನ್ನು ಎತ್ತಿಕೊಂಡು ಮಳೆಯಲ್ಲಿ ಹೊರಗೆ ಓಡಿದೆ. ಅಂಗಳದ ಮೆಟ್ಟಿಲ ಮೇಲೆ ಮಲಗಿಸಿದ ಮೇಲೆ ಮಳೆಹನಿ ಬಿದ್ದು ಕೆಮ್ಮಿದಳು, ಅತ್ತಳು.

ಮತ್ತೆ ಒಳಗೆ ಹೋದೆ. ಅತ್ತೆ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು ಗೋಡೆಗೆ ತಲೆ ಆನಿಸಿದ್ದರು. ಒಲೆಯ ಮೇಲೆ ತೊವ್ವೆ ಸೀದು ಕಪ್ಪಾಗಿತ್ತು. ಒಲೆ ಆರಿಸಿ, "ಅತ್ಯಾರ, ಏಳ್ರಿ, ಹೊರಗ ಹೋಗೂಣು," ಎಂದು ಕೈ ಚಾಚಿದೆ. ಅವರು ಕಣ್ಣು ಅರ್ಧ ತೆರೆದರು.

"ಮುಟ್ಟಬ್ಯಾಡ. ಮಡಿಯೊಳಗ ಇದ್ದೀನಿ."

ನಾನು ಕೈ ಹಿಂದಕ್ಕೆ ತೆಗೆದೆ.

ಚಿನ್ನೀ, ಗುಂಡೂ, ಇದಕ್ಕೆ ನೀವು ನಗಬಹುದು, ಅಥವಾ ನಂಬದಿರಬಹುದು. ಮದುವೆಯಾಗಿ ಬಂದಾಗಿನಿಂದ ಕೇಳಿ ಕೇಳಿ ಆ ಮಾತಿಗೆ ನನ್ನ ಕೈ ತಾನಾಗಿಯೇ ಹಿಂದೆ ಬರುತ್ತಿತ್ತು. ನಾನು ಅವರನ್ನು ಎಳೆದುಕೊಂಡು ಹೋಗಲಿಲ್ಲ. ಕಿಟಕಿ ತೆರೆಯಲು ಹೋದೆ. ಮಳೆಗೆ ಉಬ್ಬಿದ್ದ ಕಿಟಕಿ ಸರಿಯಲಿಲ್ಲ. ಫರ್ನೇಸು ನಿಲ್ಲಿಸಿದೆ. ಹೊರಗೆ ಮಗು ಕಿರುಚುತ್ತಿತ್ತು. ಅವಳನ್ನು ಎತ್ತಿಕೊಂಡು ಎದುರುಮನೆಯ ಮುದುಕಿಯ ಬಾಗಿಲು ಬಡಿದೆ. ನಮ್ಮ ಮನೆಯ ಕಡೆ ಬೆರಳು ತೋರಿಸಿದೆ. ಆಕೆ ಫೋನು ಮಾಡಿದಳು. ನಾನು ಮಗುವನ್ನು ಆಕೆಯ ಹತ್ತಿರ ಬಿಟ್ಟು ವಾಪಸು ಓಡಿಬಂದಾಗ ಅತ್ತೆ ಮಣೆಯಿಂದ ಪಕ್ಕಕ್ಕೆ ಉರುಳಿದ್ದರು. ಆಗ ಮುಟ್ಟಿದೆ. ಎಳೆಯಲು ನೋಡಿದೆ. ಹೊಸ್ತಿಲವರೆಗೆ ತರಲು ಆಗಲಿಲ್ಲ.

ಬೆಂಕಿ ಆರಿಸುವವರ ದೊಡ್ಡ ಗಾಡಿ ಬಂತು. ನಾಲ್ವರು ಗಂಡಸರು ಅವರನ್ನು ಎತ್ತಿ ಹೊರಗೆ ತಂದು ಮೂಗಿಗೆ ಆಮ್ಲಜನಕ ಹಚ್ಚಿದರು. ಇನ್ನೊಬ್ಬ ಒಳಗಿನಿಂದ ಕೈಗವಸು ಹಾಕಿದ ಕೈಗಳಲ್ಲಿ ಸೀರೆಯನ್ನು ಮುದ್ದೆಮಾಡಿ ತಂದು ಒದ್ದೆ ಹುಲ್ಲಿನ ಮೇಲೆ ಎಸೆದ.

ಆಸ್ಪತ್ರೆಯಲ್ಲಿ ಸಂಜೆಯೊಳಗೆ ಮಗು ಪಾರಾದಳು ಎಂದರು. ಅತ್ತೆಗೆ ಎರಡನೆಯ ದಿನ ಪೂರ್ತಿ ಎಚ್ಚರವಾಯಿತು. ನಿಮ್ಮ ಅಜ್ಜ ಎರಡು ದಿನ ನಿದ್ದೆ ಮಾಡಿರಲಿಲ್ಲ. ಬಟ್ಟೆಯಿಂದ ಹೀಗಾಯಿತು ಎಂದು ಯಾರೋ ಅವರಿಗೆ ಹೇಳಿದ್ದರು. ಮಂಚದ ಹತ್ತಿರ ನಿಂತು ಕೂಗಾಡಿದರು.

"ಸಾಕ ಮಾಡು ಅಂತ ಎಷ್ಟ ಸಲ ಹೇಳೇನವ್ವಾ? ನಿನ್ನ ಮಡಿ ನನ್ನ ಕೂಸಿನ್ನ ತಿಂತಿತ್ತು! ಯಾ ದೇವರಿಗೆ ಬೇಕಾಗಿತ್ತು ಇದು?"

ಅತ್ತೆಯ ಬಾಯಿಗೆ ಮುಖವಾಡದಂಥದ್ದು ಕಟ್ಟಿದ್ದರು. ಅವರು ಮಗನನ್ನು ನೋಡಲಿಲ್ಲ. ನನ್ನನ್ನು ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ.

ಮರುದಿನ ನಾವಿಬ್ಬರೇ ಇದ್ದಾಗ ಅವರು ಹೇಳಿದರು. ಮಾತು ತೊದಲುತ್ತಿತ್ತು. "ಕೂಸು ಛಲೋ ಅದ ಅಲ್ಲ? ಹಂಗಾರ ಬಿಡು. ಕಪಾಟಿನ ಮಾತು ನೀ ತಗದಿದ್ದು ಅಂತ ಅವಗ ಹೇಳಬ್ಯಾಡ. ಸಿಟ್ಟಿನ ಮನಷ್ಯಾ. ನಾ ಇವತ್ತಿಲ್ಲ ನಾಳೆ ಊರಿಗೆ ಹೋಗಾಕಿ. ನೀ ಅವನ ಜೋಡಿ ಬಾಳೇ ಮಾಡಾಕಿ."

ಅವರು ನನ್ನ ಒಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ರಿಪೇರಿಯವನು ನನಗೆ ಹೇಳಿ ಹೋಗಿದ್ದ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಆಗಲೇ ಅದನ್ನು ಹೇಳಬಹುದಿತ್ತು. "ಹೂಂ ರಿ," ಎಂದೆ.

ಮನೆಗೆ ಬಂದ ಮೇಲೆ ಅತ್ತೆ ಮೂರು ವಾರ ಚೆನ್ನಾಗಿಯೇ ಇದ್ದರು. ನಾಲ್ಕನೆಯ ವಾರ ಅಡುಗೆಮನೆಯ ದಾರಿ ತಪ್ಪಿ ಗ್ಯಾರೇಜಿಗೆ ಹೋಗಿ ನಿಂತಿದ್ದರು. ಕೈ ನಡುಗತೊಡಗಿತು. ದಿನಾ ಹೇಳುತ್ತಿದ್ದ ಸ್ತೋತ್ರ ಅರ್ಧಕ್ಕೆ ನಿಂತು ಮೊದಲಿಗೆ ಹೋಗುತ್ತಿತ್ತು. ಗ್ಯಾಸು ಏರಿದವರಿಗೆ ಕೆಲವೊಮ್ಮೆ ಹೀಗೆ ತಡವಾಗಿ ಆಗುತ್ತದೆ ಎಂದರು ಡಾಕ್ಟರು. ಇನ್ನಷ್ಟು ಬೇಗ ಹೊರಗೆ ತಂದಿದ್ದರೆ ಏನಾಗುತ್ತಿತ್ತು ಎಂದು ನಿಮ್ಮ ಅಜ್ಜ ಕೇಳಿದರು. ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಆಮೇಲೆ ಅತ್ತೆಗೆ ಮಡಿಯೇ ಮರೆತುಹೋಯಿತು. ಡ್ರೈಯರ್‌ನಿಂದ ತೆಗೆದ ಸೀರೆಯನ್ನು ನಾನು ಉಡಿಸಿದರೆ ಸುಮ್ಮನೆ ನಿಲ್ಲುತ್ತಿದ್ದರು. ಸ್ನಾನವಿಲ್ಲದೆ, ಮಗು ಕಚ್ಚಿ ಬಿಟ್ಟ ಬ್ರೆಡ್ಡು ತಿನ್ನುತ್ತಿದ್ದರು. ನಾನು ಮುಟ್ಟಿದರೆ ಒಮ್ಮೆಯೂ ಬೇಡ ಎನ್ನಲಿಲ್ಲ. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬೇಸಿಗೆಯಲ್ಲಿ ನಿಮ್ಮ ಅಜ್ಜ ಅವರನ್ನು ಕರೆದುಕೊಂಡು ಹೋಗಿ ಧಾರವಾಡದಲ್ಲಿ ತಮ್ಮ ತಂಗಿಯ ಮನೆಯಲ್ಲಿ ಬಿಟ್ಟು ಬಂದರು. ಅತ್ತೆ ಎರಡನೆಯ ವರ್ಷ ಅಲ್ಲೇ ತೀರಿಕೊಂಡರು. ಅಲ್ಲಿಯೂ ನೆಂಟರೆಲ್ಲ ಅದೇ ಮಾತು ಆಡುತ್ತಿದ್ದರಂತೆ, ಮಡಿ ಮಾಡಲು ಹೋಗಿ ತನ್ನ ತಲೆ ತಾನೇ ಕೆಡಿಸಿಕೊಂಡಳು ಎಂದು. ಅವರಿಗೆ ಅದು ಎಷ್ಟು ತಿಳಿಯುತ್ತಿತ್ತೋ ನನಗೆ ಗೊತ್ತಿಲ್ಲ.

ನಿಮ್ಮ ಅಜ್ಜನಿಗೆ ಹೇಳಬೇಕೆಂದು ಹಲವು ಸಲ ಅಂದುಕೊಂಡೆ. ತಾಯಿಯ ಮೇಲೆ ಕೂಗಾಡಿದ್ದಕ್ಕೆ ಅವರು ಕೊನೆಯವರೆಗೂ ಕೊರಗಿದರು. ನಾನು ಹೇಳಿದ್ದರೆ ಆ ಕೊರಗು ಹೆಚ್ಚಾಗುತ್ತಿತ್ತೋ, ನನ್ನ ಮೇಲೆ ತಿರುಗುತ್ತಿತ್ತೋ. ಹೇಳದೆ ಇರಲು ಪ್ರತಿ ವರ್ಷ ಒಂದು ಹೊಸ ಕಾರಣ ಸಿಕ್ಕಿತು. ಈಗ ಅವರೂ ಇಲ್ಲ.

ನಿಮ್ಮಮ್ಮನಿಗೆ ಇದನ್ನು ನೀವೇ ಓದಿ ಹೇಳಿ. ನಿಮಗೆ ಓದಲು ಕಷ್ಟವಾದರೆ ಅವಳೇ ಓದಲಿ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಮುಂದೆ ಯಾರಾದರೂ ಊಟಕ್ಕೆ ಬಂದಾಗ ಆ ಕಥೆ ಹೇಳುವುದಾದರೆ ರಿಪೇರಿಯವನನ್ನೂ ಸೇರಿಸಿ ಹೇಳಲಿ, ಅವನು ಕೇಳಿದ್ದನ್ನೂ ನಾನು ಇಲ್ಲ ಎಂದದ್ದನ್ನೂ. ನಿಮ್ಮ ಮುತ್ತಜ್ಜಿಗೆ ಬಾಗಿಲು ಮುಚ್ಚಬಾರದೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಈ ಹಾಳೆಗಳನ್ನು ಮನೆಯ ಕಾಗದಪತ್ರಗಳಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಿ. ಇಂಗ್ಲಿಷಿನಲ್ಲಿ ಬರೆದಿಟ್ಟುಕೊಳ್ಳಬೇಕೆನಿಸಿದರೆ ಬರೆದುಕೊಳ್ಳಿ. ಆದರೆ ಅಜ್ಜಿ ಪಾಪ ಎಂದು ನಾನು ಮಾಡಿದ್ದನ್ನು ಮೆತ್ತಗೆ ಮಾಡಬೇಡಿ, ಈ ಮೂಲ ಹಾಳೆಗಳನ್ನು ಕಳೆಯಬೇಡಿ. ನಿಮ್ಮ ಮಕ್ಕಳಿಗೂ ಕೊಡಿ.